ನಾಗಕ್ಕ ಮೀನು ಬಿಟ್ಟದ್ದು

ಬಚ್ಚಲೊಲೆಯಲ್ಲಿ ಬೆಂಕಿ ಹತ್ತಿಕೊಂಡಿತೆಂದರೆ ನಾಗು ಎಣ್ಣೆಯ ಗಿಂಡಿಯನ್ನು ಬಗ್ಗಿಸಿ ಮೊದಲ ಹನಿಯನ್ನು ಒಲೆಗೆ ಬಿಡುತ್ತಾಳೆ. ಚುರ್ರೆಂದು ಒಂದು ಸದ್ದು, ಒಂದೆಳೆ ಹೊಗೆ. ಆಮೇಲೆಯೇ ಎರಡನೆಯ ಹನಿ ಅವಳ ಅಂಗೈಗೆ ಬೀಳುವುದು. ಸ್ವಂತ ಮನೆಯಾಗಲಿ, ಬಾಣಂತಿಯನ್ನು ಮೀಯಿಸಲು ಹೋದ ಮನೆಯಾಗಲಿ, ಇದನ್ನು ಬಿಟ್ಟು ಅವಳು ಮಗುವಿನ ಮೈ ಮುಟ್ಟಿದವಳಲ್ಲ. ಈಗೀಗ ಮನೆಗಳಿಗೆ ಗೀಸರು ಬಂದು ಎಷ್ಟೋ ಕಡೆ ಒಲೆಯೇ ಇಲ್ಲ. ಅಂಥಲ್ಲಿ ಅವಳು ದೇವರ ಕೋಣೆಯ ಬಾಗಿಲಲ್ಲಿ ನಿಂತು, "ದೀಪಕ್ಕೊಂದ್ ಹನಿ ಎಣ್ಣಿ ಬಿಡ್ಲಾ?" ಎಂದು ಕೇಳುತ್ತಾಳೆ. ಬೇಡವೆಂದವರು ಯಾರೂ ಇಲ್ಲ. ಅಷ್ಟು ಹೊತ್ತು ಮನಸ್ಸಿನಲ್ಲಿ ಎಂಥದು ಬೇಡಿಕೊಳ್ಳುತ್ತೀ ಎಂದು ಗಂಡ ಕುಷ್ಟ ಒಮ್ಮೆ ಕೇಳಿದ್ದ. "ಕೈಗ್ ಬಂದ ಮಗು ಕೈ ಜಾರ್ದೆ ಇರ್ಲಿ ಅಂತೆ. ಮತ್ತೆಂತ ಬೇಡುದ್?" ಎಂದಿದ್ದಳು.

ಕಡಲ ಬದಿಯ ಊರಾದ ಕೋಡಿಯ ಸುತ್ತಮುತ್ತ ಅವಳ ಕಾಲ ಮೇಲೆ ಮಲಗದೆ ದೊಡ್ಡವರಾದ ಮಕ್ಕಳು ಕಡಿಮೆ. ಬಾಣಂತಿಗೆ ಬಿಸಿನೀರು ಹೊಯ್ದು ಮುಗಿಸಿ, ಮಣೆಯ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕುವುದು ಅವಳ ಕ್ರಮ. ಮಗು ದಿನದಿನಕ್ಕೆ ಎಷ್ಟು ತೂಗುತ್ತದೆಂಬುದು ಅವಳ ಕಾಲಿನ ಎಲುಬಿಗೆ ತಿಳಿಯುತ್ತಿತ್ತು. "ನಾಗಕ್ಕನ ಕೈಗೆ ಕೊಟ್ಟರೆ ಮಗು ಚೆಂಡಿನ ಹಾಗೆ ಆಗುತ್ತದೆ" ಎಂದು ಹೆಂಗಸರು ಹೇಳುವಾಗ ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ಆದರೆ ಆ ಮಾತು ಅವಳಿಗೆ ಹಿತವಾಗುತ್ತಿತ್ತು. ತನ್ನ ಕೈ ನೆಚ್ಚಿಕೊಂಡು ಬದುಕಿದವಳು.

ಇಂಥವಳ ಮನೆಗೆ, ಮಳೆಗಾಲ ಮುಗಿದು ಬೋಟುಗಳು ಕಡಲಿಗೆ ಇಳಿದ ಮೇಲೆ, ಮಗಳು ಸುಪ್ರೀತಾ ಗಂಡನ ಮನೆ ವಂಡ್ಸೆಯಿಂದ ಮಗನನ್ನು ಎತ್ತಿಕೊಂಡು ಬಂದಳು. ಮಗುವಿನ ಹೆಸರು ನಿತೇಶ್. ಎರಡು ವರ್ಷ ತುಂಬಲು ಇನ್ನೂ ಸಮಯವಿತ್ತು. ಬೇಸಿಗೆಯಲ್ಲಿ ಅಜ್ಜಿಮನೆಗೆ ಬಂದಾಗ ಅಂಗಳದ ತುಂಬ ಕೋಳಿಗಳ ಹಿಂದೆ ಓಡಿದ ಮಾಣಿ. ಈಗ ಅವನನ್ನು ನೆಲಕ್ಕೆ ಬಿಟ್ಟರೆ ಬಿಟ್ಟಲ್ಲೇ ಕುಳಿತಿರುತ್ತಿದ್ದ. ಕೋಳಿ ಹತ್ತಿರ ಬಂದು ಕುಕ್ಕಿದರೂ ಕಣ್ಣು ತಿರುಗಿಸಿ ನೋಡುವನಷ್ಟೆ.

"ಎಂತ ಆಯ್ತ್ ಮಾಣಿಗೆ?" ಎಂದು ನಾಗು ಕೇಳಿದಳು.

ಸುಪ್ರೀತಾ ಗೋಡೆಗೆ ಒರಗಿ ಕುಳಿತು ಹೇಳಿದಳು. ಆಷಾಢದಲ್ಲಿ ಮಗುವಿಗೆ ಜ್ವರ ಬಂದು ಭೇದಿ ಹಿಡಿಯಿತು. ಜ್ವರ ಬಿಟ್ಟಿತು, ಭೇದಿ ಪೂರ್ತಿ ಬಿಡಲಿಲ್ಲ. ಹಾಲು ಕೊಟ್ಟರೆ ಹೆಚ್ಚುತ್ತದೆಂದು ಹಾಲು ನಿಲ್ಲಿಸಿದರು. ಬೇಳೆ ವಾಯು ಎಂದು ಬೇಳೆ ನಿಲ್ಲಿಸಿದರು. ಮೀನು, ಮೊಟ್ಟೆ ಹೇಗೂ ನಂಜು. ಹೊಟ್ಟೆ ಕೆಟ್ಟವರಿಗೆ ಅವನ್ನು ಕೊಡುವ ಪದ್ಧತಿ ಊರಲ್ಲಿಲ್ಲ. ಉಳಿದದ್ದು ಗಂಜಿಯ ತಿಳಿ ಮತ್ತು ಒಂದು ಹರಳು ಉಪ್ಪು. ಸುಪ್ರೀತಾ ಕುಂದಾಪುರದ ಗೇರುಬೀಜದ ಕಾರ್ಖಾನೆಯ ಕೆಲಸಕ್ಕೆ ಹೋದರೆ ಸಂಜೆಗೇ ಮನೆ ಸೇರುವುದು. ಮಗುವನ್ನು ನೋಡಿಕೊಳ್ಳುತ್ತಿದ್ದವರು ಅವಳ ಅತ್ತೆ ಸುಗುಣಮ್ಮ. ಅವರು ಹೊತ್ತುಹೊತ್ತಿಗೆ ತಿಳಿ ಕುಡಿಸಿ, ಮಡಿಲಲ್ಲಿಟ್ಟುಕೊಂಡು, ಕಣ್ಣೀರು ಹಾಕಿ ಮನೆದೇವರಿಗೆ ಹರಕೆ ಹೇಳಿಕೊಂಡಿದ್ದರು. ಮಗು ಉಳಿದರೆ ಮೂರನೇ ವರ್ಷದಲ್ಲಿ ಅವನ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಅವನ ಬಾಯಿಗೆ ಮೀನು ಮೊಟ್ಟೆ ಮುಟ್ಟಿಸುವುದಿಲ್ಲ ಎಂದು.

"ಅತ್ತೆ ಒಳ್ಳೇದಕ್ಕೇ ಮಾಡದ್ ಅಮ್ಮ. ನಾ ಎಂತ ಹೇಳುದ್?" ಎಂದಳು ಸುಪ್ರೀತಾ.

"ಎಂತದೂ ಹೇಳ್ಬ್ಯಾಡ. ಮಾಣಿ ನನ್ ಕೈಗ್ ಬಂದ ಅಲ್ದಾ? ಇನ್ ನಾ ಕಾಣ್ತೆ."

ಅಂದು ಸಂಜೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಾಗ ನಾಗುವಿಗೆ ಕಾಲ ಮೇಲೆ ಏನೋ ಒದ್ದೆ ಬಟ್ಟೆ ಹಾಕಿಕೊಂಡಂತಾಯಿತು. ಬೆನ್ನಿನ ಮೂಳೆ ಬೆರಳಿಗೆ ಒಂದೊಂದಾಗಿ ಸಿಗುತ್ತಿತ್ತು. ಕುಂಡೆಯ ಚರ್ಮ ದೊಗಳೆ ಚಡ್ಡಿಯಂತೆ ಜೋತುಬಿದ್ದಿತ್ತು. ಕೂದಲು ಮೊದಲಿನ ಹಾಗೆ ಕಪ್ಪಗಿರಲಿಲ್ಲ. ತೆಂಗಿನ ನಾರಿನ ಬಣ್ಣಕ್ಕೆ ತಿರುಗಿತ್ತು. ಅವಳು ಎಣ್ಣೆ ಹಚ್ಚಿದಳು. ಒಂದು ತಿಂಗಳೊಳಗೆ ಇವನನ್ನು ಮೊದಲಿನಂತೆ ಮಾಡದಿದ್ದರೆ ನನ್ನ ಹೆಸರು ನಾಗುವಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಮಗು ಸೋತಿದೆ, ಅಂದರೆ ಜಿಡ್ಡು ಬೇಕು ಎಂಬುದು ಅವಳ ಲೆಕ್ಕ. ಬಾಣಂತಿಯರಿಗೆ ಅವಳು ಹೇಳುತ್ತಿದ್ದುದೂ ಅದನ್ನೇ. ವಂಡ್ಸೆಯಿಂದ ಸುಗುಣಮ್ಮ ಎಮ್ಮೆ ತುಪ್ಪ ಕಳಿಸಿದ್ದರು. ಕುಚ್ಚಲಕ್ಕಿ ಅನ್ನವನ್ನು ಮೆತ್ತಗೆ ಹಿಸುಕಿ, ಬೆರಳು ಮುಳುಗುವಷ್ಟು ತುಪ್ಪ ಹಾಕಿ ಉಣಿಸಿದಳು. ಕಾಯಿಹಾಲಿಗೆ ಬೆಲ್ಲ ಹಾಕಿ ಕುಡಿಸಿದಳು. ಹರಕೆ ಇದ್ದುದರಿಂದ ಮೀನಿನ ತಂಟೆಗೆ ಹೋಗಲಿಲ್ಲ. ಮಗು ಬಾಯಿ ಮುಚ್ಚಿದರೆ ಮೂಗು ಹಿಡಿದು ಕುಡಿಸಿದ್ದೂ ಉಂಟು. ಒಣಮೀನು ಮಾರುವ ಪಕ್ಕದ ಮನೆಯ ಬೆಳ್ಳಿ ಬೇಲಿಯ ಆಚೆಯಿಂದ ನೋಡಿ, "ಹ್ವಾಯ್ ನಾಗಕ್ಕ, ಆ ತುಪ್ಪ ಎಲ್ಲಿಗ್ ಹೋತಾ ಇತ್? ಮಾಣಿ ಮೈಮೇಲ್ ಅಂತೂ ಕಾಂತಿಲ್ಲೆ" ಎಂದಳು.

ತುಪ್ಪ ಎಲ್ಲಿಗೆ ಹೋಗುತ್ತಿತ್ತೆಂದು ಬಟ್ಟೆ ಒಗೆಯುವ ನಾಗುವಿಗೆ ಗೊತ್ತಿತ್ತು. ಮಗುವಿನ ಹೇಲು ಬಿಳಿಚಿಕೊಂಡು, ಬೂದಿ ಕಲಸಿದ ಬೆಣ್ಣೆಯ ಹಾಗೆ ಬರುತ್ತಿತ್ತು. ರಾಶಿ ರಾಶಿ ಬರುತ್ತಿತ್ತು. ನೀರು ಹೊಯ್ದರೆ ಮೇಲೆ ತೇಲುತ್ತಿತ್ತು. ಬಟ್ಟೆಗೆ ಹಿಡಿದದ್ದು ಸೋಪಿಗೂ ಬಿಡುತ್ತಿರಲಿಲ್ಲ. ವಾಸನೆಗೆ ಕುಷ್ಟ ಬಲೆ ಹೆಣೆಯುವುದನ್ನು ಬಿಟ್ಟು ಅಂಗಳದ ಆಚೆಗೆ ಹೋಗಿ ಕೂರುತ್ತಿದ್ದ. ದೃಷ್ಟಿಯಾಗಿರಬೇಕೆಂದು ನಾಗು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಹೆಚ್ಚು ತಿನ್ನಿಸಿದಷ್ಟೂ ಹೆಚ್ಚು ಹೋಗುತ್ತಿತ್ತು. ಕಾಲಿನ ಎಲುಬಿಗೆ ಮಗು ಮೊದಲಿನಷ್ಟೇ ಹಗುರ.

ಹೀಗಿರುವಾಗ ಒಂದು ಬೆಳಗ್ಗೆ ಮಗುವಿನ ಪಾದ ದುಂಡಗಾದದ್ದು ಕಂಡಿತು. ಕಾಲ್ಬೆರಳುಗಳು ಕೂಡ ಉಬ್ಬಿದ್ದವು. ಕೆನ್ನೆಯಲ್ಲೂ ಸ್ವಲ್ಪ ಹೊಳಪು. ನಾಗುವಿನ ಜೀವ ಹಗುರವಾಯಿತು. "ಕಾಣ್ ಸುಪ್ರೀತಾ, ಕಾಲ್ ತುಂಬ್ಕಂಡಿತ್. ಇನ್ ಮೇಲೆ ಮೈ ತುಂಬುದೇ" ಎಂದು ಮಗಳನ್ನು ಕರೆದು ತೋರಿಸಿದಳು. ಬೇಲಿಯ ಬಳಿ ಹೋಗಿ ಬೆಳ್ಳಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು.

ಆಮೇಲೆ ಒಲೆಗೆ ಹನಿ ಬಿಟ್ಟು, ಮಣೆಯ ಮೇಲೆ ಕುಳಿತು, ಮಗುವಿನ ಪಾದಕ್ಕೆ ಎಣ್ಣೆ ಹಚ್ಚುತ್ತ ಹೆಬ್ಬೆರಳನ್ನು ಊರಿದಳು. ಬೆರಳು ತೆಗೆದಾಗ ಅಲ್ಲಿ ಒಂದು ಗುಳಿ ಉಳಿದಿತ್ತು. ಗುಳಿ ತುಂಬಲೆಂದು ಕಾದಳು. ತುಂಬಲಿಲ್ಲ. ಇನ್ನೊಂದು ಪಾದದ ಮೇಲೆ ಒತ್ತಿದಳು. ಅಲ್ಲೂ ಹಾಗೆಯೇ, ಹಸಿ ಮಣ್ಣಿಗೆ ಬೆರಳು ಒತ್ತಿದಂತೆ.

ತುಂಬು ಬಸುರಿಯರ ಕಾಲಲ್ಲಿ ಅವಳು ಇಂಥ ಗುಳಿ ಕಂಡಿದ್ದಳು. ಅದು ಮಾಂಸವಲ್ಲ, ನೀರು. ಅಂಥ ಕಾಲು ಕಂಡರೆ ಅವಳೇ ಆ ಹೆಂಗಸರನ್ನು ಆಸ್ಪತ್ರೆಗೆ ಅಟ್ಟುತ್ತಿದ್ದಳು. ತನ್ನ ಕೈಯಾರೆ ತುಂಬಿಸಿದೆನೆಂದು ಊರಿಗೆಲ್ಲ ಸಾರಿದ ಕಾಲು ನೀರಿನ ಕಾಲು. ನಾಗು ಎಣ್ಣೆಯನ್ನು ಬಿಸಿನೀರಲ್ಲಿ ತೊಳೆದು, ಮಗುವನ್ನು ಒರೆಸಿ, ಬಟ್ಟೆ ಹಾಕಿ, ಹೊರಗೆ ಬಂದು, "ಸುಪ್ರೀತಾ, ಸೀರಿ ಉಟ್ಕೋ. ಆಸ್ಪತ್ರಿಗೆ ಹೋಪ" ಎಂದಳು.

"ಇವತ್ತಾ? ನಾ ಕೆಲ್ಸಕ್ ಹೋಯ್ಕ್."

"ಕೆಲ್ಸ ನಾಳೆ ಇರತ್."

ಕುಂದಾಪುರದ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುತ್ತಿದ್ದ ಡಾಕ್ಟರು ರಮಿತಾ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಪಾದವನ್ನು ಒತ್ತಿ ನೋಡಿ, ತೋಳಿನ ಸುತ್ತಳತೆ ತೆಗೆದು, ಇಷ್ಟು ದಿನ ಏನೇನು ತಿನ್ನಿಸಿದಿರೆಂದು ಕೇಳಿ ಬರೆದುಕೊಂಡು, ಅಂದೇ ಸೇರಿಸಿಕೊಂಡರು. ರಕ್ತ, ಮಲ ಎಲ್ಲ ಪರೀಕ್ಷೆಗೆ ಹೋಯಿತು. ಮರುದಿನ ವಾರ್ಡಿಗೆ ಬಂದವರು ಮಂಚದ ತುದಿಯಲ್ಲಿ ಕುಳಿತು ನಾಗುವನ್ನೇ ಕೇಳಿದರು: "ಮಲ ಎಣ್ಣೆ ಎಣ್ಣೆ ಬರುತ್ತಿತ್ತಾ ಅಮ್ಮ?"

"ಹೌದ್. ತೊಳದ್ರೂ ಹೋತಿರ್ಲಿಲ್ಲ."

"ನೀವು ಕೊಟ್ಟ ತುಪ್ಪವೇ ಅದು. ಪರೀಕ್ಷೆಯಲ್ಲೂ ಬರೀ ಜಿಡ್ಡು ಕಂಡಿದೆ. ಬೇರೆ ದೊಡ್ಡ ಕಾಯಿಲೆ ಕಾಣುವುದಿಲ್ಲ."

ನಾಗುವಿಗೆ ಅರ್ಥವಾಗಲಿಲ್ಲ. ಡಾಕ್ಟರು ಮಗುವಿನ ಹೊಟ್ಟೆಯ ಮೇಲೆ, ಹೊಕ್ಕುಳಿನಿಂದ ಸ್ವಲ್ಪ ಮೇಲೆ, ಬೆರಳಿನಿಂದ ಅಡ್ಡಕ್ಕೆ ಒಂದು ಗೆರೆ ಎಳೆದರು. "ಇಲ್ಲಿ, ಜಠರದ ಹಿಂದೆ, ಒಂದು ಗ್ರಂಥಿ ಉಂಟು. ಮೇದೋಜೀರಕ ಅಂತ ಹೆಸರು. ನಾವು ತಿಂದ ಅನ್ನ, ಬೇಳೆ, ಜಿಡ್ಡು ಕರಗಬೇಕಾದರೆ ಅದರ ರಸ ಬೇಕು. ಆ ರಸ ತಯಾರಾಗಬೇಕಾದರೆ ಮೀನು, ಮೊಟ್ಟೆ, ಬೇಳೆ, ಹಾಲು, ಇಂಥದರ ಸತ್ವ ಮೈಗೆ ಸಿಗಬೇಕು. ಇವನಿಗೆ ತಿಂಗಳುಗಟ್ಟಲೆ ಗಂಜಿ ತಿಳಿ ಬಿಟ್ಟು ಬೇರೆ ಹೋಗಲಿಲ್ಲ. ಕೈಕಾಲು ಸೋತದ್ದು ನಿಮಗೆ ಕಣ್ಣಿಗೆ ಕಂಡಿತು. ಒಳಗೆ ಈ ಗ್ರಂಥಿಯೂ ಹಾಗೆಯೇ ಸೋತಿದೆ. ಅದಕ್ಕೆ ರಸ ಮಾಡುವ ತ್ರಾಣವಿಲ್ಲ. ಹಾಗಿರುವಾಗ ಬೆರಳು ಮುಳುಗುವಷ್ಟು ತುಪ್ಪ ಹಾಕಿದರೆ ಏನಾಗುತ್ತದೆ? ಹೋದ ಹಾಗೆಯೇ ಹೊರಗೆ ಬರುತ್ತದೆ. ಬರುವಾಗ ಮಗುವಿನ ತ್ರಾಣವನ್ನೂ ತೆಗೆದುಕೊಂಡು ಬರುತ್ತದೆ."

ನಾಗು ಮಗುವಿನ ಹೊಟ್ಟೆಯ ಮೇಲೆ ಬಟ್ಟೆ ಎಳೆದಳು. "ಅದ್ ಮತ್ ಸರಿ ಆತ್ತಾ ಡಾಕ್ಟ್ರಮ್ಮ?"

"ಹೆಚ್ಚಿನ ಮಕ್ಕಳಲ್ಲಿ ಆಗುತ್ತದೆ. ಆದರೆ ಅವಸರ ಮಾಡಬಾರದು. ಸ್ವಲ್ಪ ಸ್ವಲ್ಪ, ಹೊತ್ತುಹೊತ್ತಿಗೆ. ಆ ಗ್ರಂಥಿ ಎಷ್ಟು ಏಳುತ್ತದೆ ನೋಡಿಕೊಂಡು ಜಿಡ್ಡನ್ನು ಏರಿಸಬೇಕು. ಏಳದಿದ್ದರೆ ಔಷಧಿ ಉಂಟು, ಆಗ ಕೊಡುವಾ. ಇಲ್ಲಿ ಇರುವಷ್ಟು ದಿನ ನಾವು ಮಾಡುತ್ತೇವೆ. ಮನೆಗೆ ಹೋದ ಮೇಲೆ ನಿಮ್ಮ ಕೈಯಲ್ಲಿ."

ನಿಮ್ಮ ಕೈಯಲ್ಲಿ ಎಂಬ ಮಾತು ಕೇಳಿ ನಾಗು ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆದರೆ ಅವಳು ಅಳುತ್ತ ಕೂರುವ ಹೆಂಗಸಲ್ಲ. ವಾರ್ಡಿನಲ್ಲಿ ನರ್ಸುಗಳು ಮಗುವಿನ ಆಹಾರದ ಪುಡಿಯನ್ನು ಕಲಸುವುದು, ಅಳೆಯುವುದು, ಒಂದೊಂದೇ ಚಮಚ ಬಾಯಿಗಿಡುವುದು ಎಲ್ಲವನ್ನೂ ಪಕ್ಕದಲ್ಲಿ ನಿಂತು ನೋಡಿದಳು. ಬಚ್ಚಲೊಲೆಯಲ್ಲಿ ಬೆಂಕಿ ಆರುತ್ತ ಬಂದಾಗ ದೊಡ್ಡ ಕೊಳ್ಳಿ ತುರುಕಿದರೆ ಇರುವ ಕೆಂಡವೂ ನಂದುತ್ತದೆ; ಮೊದಲು ಸಣ್ಣ ನಾರು, ಆಮೇಲೆ ಗರಿ, ಆಮೇಲೆ ಕಟ್ಟಿಗೆ. ದಿನಾ ಮಾಡುವ ಕೆಲಸ. ಮಗುವಿನ ಹೊಟ್ಟೆಗೆ ಮಾತ್ರ ತಾನು ಅದನ್ನು ಮರೆತದ್ದು ಹೇಗೆ ಎಂದು ಅವಳಿಗೆ ಸೋಜಿಗವಾಯಿತು.

ಕೆಲವು ದಿನಗಳಲ್ಲಿ ಮಗುವಿನ ಊತ ಇಳಿಯಿತು. ಇಳಿದದ್ದೇ ತಡ ಅವನು ಬಂದಾಗಿನದಕ್ಕಿಂತಲೂ ಸಣ್ಣ ಕಂಡ. ಸುಪ್ರೀತಾ ಅವನನ್ನು ಎತ್ತಿಕೊಂಡು ಅತ್ತುಬಿಟ್ಟಳು. "ನೀರ್ ಹೋದದ್ ಮಗಾ. ಇದೇ ಇವ್ನ್ ಸಮಾ ಮೈ. ಇಲ್ಲಿಂದ ಮೇಲ್ ಬಪ್ಪುದ್" ಎಂದಳು ನಾಗು. ಹೇಳುವಾಗ ಅವಳ ಧ್ವನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಮೆಟ್ಟಿಲ ಬಳಿ ಹೋಗಿ, ಡಾಕ್ಟರು ಹೇಳಿದ್ದು ಇದನ್ನೇ ತಾನೇ ಎಂದು ನರ್ಸಿನ ಹತ್ತಿರ ಇನ್ನೊಮ್ಮೆ ಕೇಳಿಕೊಂಡು ಬಂದಳು.

ಮನೆಗೆ ಕಳಿಸುವ ಮೊದಲು ಡಾಕ್ಟರು ಏನೇನು ಕೊಡಬೇಕೆಂದು ಹೇಳಿದರು. ಬೇಳೆ, ಹೆಸರುಕಾಳು, ಮೊಟ್ಟೆ, ಮುಳ್ಳು ತೆಗೆದ ಮೀನು. ನಾಗು ಹರಕೆಯ ಸಂಗತಿ ತಿಳಿಸಿದಳು. ಡಾಕ್ಟರು ನಗಲಿಲ್ಲ. "ಮೀನೇ ಆಗಬೇಕು ಅಂತ ಇಲ್ಲ ಅಮ್ಮ. ಆದರೆ ಇವನು ಬೇಳೆ ಕಂಡರೆ ಉಗುಳುತ್ತಾನೆ, ಹಾಲು ಇನ್ನೂ ಪೂರ್ತಿ ಹಿಡಿಸುವುದಿಲ್ಲ. ತಿನ್ನುವುದು ನಾಲ್ಕು ತುತ್ತು. ಆ ನಾಲ್ಕು ತುತ್ತಿನಲ್ಲಿ ಸತ್ವ ಇರಬೇಕು. ನಿಮ್ಮ ಮನೆಯ ಹಿಂದೆ ಕಡಲೇ ಉಂಟು."

ಮಗುವನ್ನು ಕೋಡಿಗೆ ತಂದ ಮರುದಿನ ನಾಗು ಒಬ್ಬಳೇ ವಂಡ್ಸೆಯ ಬಸ್ಸು ಹತ್ತಿದಳು. ಕದ್ದು ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಬೆಳ್ಳಿ ಬುದ್ಧಿ ಹೇಳಿದ್ದಳು. ನಾಗುವಿಗೆ ಅದು ಒಪ್ಪಿಗೆಯಾಗಲಿಲ್ಲ. ದೇವರಿಗೆ ಕೊಟ್ಟ ಮಾತನ್ನು ದೇವರ ಬೆನ್ನ ಹಿಂದೆ ಮುರಿಯುವುದು ಹೇಗೆ?

ಸುಗುಣಮ್ಮ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದರು. ತೆಳ್ಳಗಿನ ಹೆಂಗಸು, ಎದುರಿಗೆ ಕುಳಿತವರ ಮಾತು ಮುಗಿಯುವ ತನಕ ಬಾಯಿ ತೆರೆಯದವರು. "ಬನ್ನಿ ನಾಗಕ್ಕ, ಕೂಕಣಿ. ಮಾಣಿ ಹ್ಯಾಂಗಿತ್?" ಎಂದು ಕೇಳಿ, ಬೆಲ್ಲ ನೀರು ತಂದಿಟ್ಟರು.

ನಾಗು ಎಲ್ಲವನ್ನೂ ಹೇಳಿದಳು. ಗಂಜಿ ತಿಳಿಯ ಮಾತು ಬಂದಾಗ, ತನ್ನ ತುಪ್ಪದ ಮಾತನ್ನು ಮೊದಲು ಹೇಳಿದಳು. ಸುಗುಣಮ್ಮನ ಮುಖ ಕೆಳಗಾಯಿತು.

"ಅಂದ್ರೆ ನಾ ಮಾಣಿನ ಉಪಾಸ ಕೆಡವ್ದೆ ಅಂತ್ರಾ?"

"ಇಲ್ಲೆ ಸುಗುಣಕ್ಕ. ನೀವ್ ಕಡ್ಮಿ ಕೊಟ್ರಿ, ನಾ ಹೆಚ್ಗಿ ಕೊಟ್ಟೆ. ಇಬ್ರೂ ಪ್ರೀತಿಲೇ ಮಾಡದ್. ಅದ್ ಇರ್ಲಿ. ಈಗ ಮೀನಿಂದ್ ಎಂತ ಮಾಡುದ್?"

"ದೇವ್ರಿಗೆ ಹೇಳಿದ್ ಮಾತ್ ನಾಗಕ್ಕ. ಬಾಯ್ ತಪ್ಪಿ ಮಾಣಿಗೆ ಎಂತಾರೂ ಆರೆ?"

"ನಂಗೂ ಅದೇ ಹೆದ್ರಿಕಿ. ಅದ್ಕೇ ಇಲ್ಲಿಗ್ ಬಂದೆ." ನಾಗು ನೀರಿನ ಲೋಟವನ್ನು ಕೆಳಗಿಟ್ಟಳು. ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡ ಮಾತನ್ನು ಈಗ ಬಿಚ್ಚಿದಳು. "ಹರಕಿ ಮುರುದ್ ಬ್ಯಾಡ. ಮಾಣಿ ಸಣ್ಣವ, ಅವ್ನಿಗ್ ಹೊರೂಕ್ ಆಪುದಿಲ್ಲೆ. ಅವ್ನ್ ಬದ್ಲಿಗ್ ನಾ ಹೊತ್ಕಂತೆ. ಮುಡಿ ಕೊಡು ತನ್ಕ ನಾ ಮೀನ್ ಮೊಟ್ಟಿ ಮುಟ್ಟುದಿಲ್ಲೆ."

ಸುಗುಣಮ್ಮ ಅವಳನ್ನು ದಿಟ್ಟಿಸಿ ನೋಡಿದರು. "ನೀವ್ ಕೋಡಿಯವ್ರ್. ಒಂದ್ ಹೊತ್ತ್ ಮೀನಿಲ್ದಿರೆ ಅನ್ನ ಇಳೀತಿಲ್ಲೆ ಅಂಬವ್ರ್. ಮುಡಿ ಕೊಡುಕೆ ಇನ್ನೂ ವರ್ಷದ್ ಹತ್ರ ಇತ್."

"ಇರ್ಲಿ. ಇಳೀದಿರೆ ನೀರ್ ಕುಡಿತೆ."

ಸುಗುಣಮ್ಮ ಎದ್ದು ಒಳಗೆ ಹೋದರು. ಹೋದವರು ದೇವರ ಮುಂದೆ ದೀಪ ಹಚ್ಚಿ ನಾಗುವನ್ನು ಕರೆದರು. ಇಬ್ಬರೂ ಕೈಮುಗಿದು ನಿಂತರು. ಸುಗುಣಮ್ಮ ಗಟ್ಟಿಯಾಗಿ, ಎದುರಿಗೆ ಹಿರಿಯರೊಬ್ಬರು ಕುಳಿತಿದ್ದಾರೋ ಎಂಬಂತೆ ಹೇಳಿದರು: ಮಗುವಿನ ಮೇಲೆ ಹಾಕಿದ್ದನ್ನು ಅದರ ಅಜ್ಜಿ ತೆಗೆದುಕೊಂಡಿದ್ದಾಳೆ, ತಪ್ಪಿದ್ದರೆ ನನ್ನದು, ಮಗುವನ್ನು ಕಾಯಬೇಕು ಎಂದು. ದೀಪ ಅಲುಗಲಿಲ್ಲ, ಹಲ್ಲಿ ನುಡಿಯಲಿಲ್ಲ. ಆದರೂ ಇಬ್ಬರ ಎದೆಯೂ ಹಗುರಾಯಿತು. ಹೊರಡುವಾಗ ಸುಗುಣಮ್ಮ ತುಪ್ಪದ ಡಬ್ಬಿ ತಂದು, ಕೊಡಲೋ ಬೇಡವೋ ಎಂದು ಹಿಡಿದು ನಿಂತರು.

"ಈಗ ಬ್ಯಾಡ. ಬೇಕಾರೆ ನಾನೇ ಕೇಳ್ತೆ" ಎಂದಳು ನಾಗು.

ಅಲ್ಲಿಂದ ಮುಂದಿನದು ಹಟದ ಕೆಲಸ. ಹೊಸದಾಗಿ ಒಂದು ಸಣ್ಣ ಬಟ್ಟಲು, ಒಂದು ಸಣ್ಣ ಚಮಚ ತಂದಳು. ಕುಷ್ಟ ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಹೋಗಿ ಕಾಣೆ ಮೀನು ತರುತ್ತಿದ್ದ. ಬೈಗೆ ಮೀನು ಅಗ್ಗವಾಗಿ ಸಿಗುತ್ತಿತ್ತು, ಆದರೆ ಅದರಲ್ಲಿ ಜಿಡ್ಡು ಹೆಚ್ಚು ಎಂದು ಸದ್ಯಕ್ಕೆ ಬೇಡವೆಂದಳು. ಕಾಣೆಯನ್ನು ಅರಿಶಿನ ಉಪ್ಪು ಹಾಕಿ ಬೇಯಿಸಿ, ಬೆರಳ ತುದಿಯಲ್ಲಿ ಮುಳ್ಳು ಹುಡುಕಿ ತೆಗೆದು, ಮೆತ್ತಗಿನ ಅನ್ನಕ್ಕೆ ಹಿಸುಕುತ್ತಿದ್ದಳು. ಉಪ್ಪು ಸರಿಯಾಯಿತೇ ಎಂದು ನಾಲಗೆಗೆ ಹಚ್ಚಿ ನೋಡುವಂತಿರಲಿಲ್ಲ. ಅದಕ್ಕೆ ಕುಷ್ಟನನ್ನು ಕರೆಯುತ್ತಿದ್ದಳು.

"ಎಂತ, ನಾನ್ ರಾಜನ್ ಅರಮನಿಲ್ ಊಟ ಪರೀಕ್ಷಿ ಮಾಡುವವ ಆದೆನಾ?" ಎಂದು ಅವನು ಚಮಚ ನೆಕ್ಕುತ್ತಿದ್ದ.

"ಉಪ್ಪ್ ಹ್ಯಾಂಗಿತ್ ಹೇಳಿ. ಎಲ್ಲಾ ನೀವೇ ತಿನ್ಬ್ಯಾಡಿ."

ಮೊದಮೊದಲು ಕುಷ್ಟನಿಗೆ ಅವಳೆದುರು ಮೀನು ಸಾರು ಉಣ್ಣಲು ಸಂಕೋಚ. ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದ. ಅವಳು ತಾನೇ ಹೋಗಿ ಬಡಿಸಿ ಬಂದು, ಒಳಗೆ ಕುಳಿತು ತಂಬುಳಿಯಲ್ಲಿ ಉಣ್ಣುತ್ತಿದ್ದಳು. ಬಂಗ್ಡೆ ಹುರಿಯುವ ಪರಿಮಳ ಬೆಳ್ಳಿಯ ಮನೆಯಿಂದ ಬಂದರೆ ಅನ್ನ ಕಲಸುವ ಕೈ ಒಂದು ಚಣ ನಿಲ್ಲುತ್ತಿತ್ತು. ಬೆಳ್ಳಿ ಬೇಕೆಂದೇ ಕೂಗುತ್ತಿದ್ದಳು: "ನಾಗಕ್ಕ, ಒಂದ್ ತುಂಡ್ ಕಳ್ಸ್ಲಾ? ದೇವ್ರ್ ಈ ಬದಿಗ್ ಕಾಂತಿಲ್ಲೆ."

"ನಿನ್ ಮನಿ ಬದಿಗ್ ಕಾಂತಿಲ್ಲೆ, ಅದ್ ಹೌದ್. ನನ್ ಮನಿ ಕಾಣತ್" ಎಂದು ನಾಗು ಇಲ್ಲಿಂದಲೇ ಉತ್ತರ ಕೊಡುತ್ತಿದ್ದಳು.

ಮಗು ಒಂದೊಂದು ಚಮಚಕ್ಕೂ ಮುಖ ತಿರುಗಿಸುತ್ತಿದ್ದ. ಈಗ ಮೂಗು ಹಿಡಿಯುವ ಮಾತಿಲ್ಲ. ಕಾಗೆ ತೋರಿಸಬೇಕು, ಹಾಡಬೇಕು, ಬಿಡಬೇಕು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಿಡಿಯಬೇಕು. ಬಾಣಂತಿಯರ ಮನೆಗೆ ಹೋಗುವಾಗ ಅವನನ್ನು ಸೊಂಟದಲ್ಲಿ, ಬಟ್ಟಲನ್ನು ಚೀಲದಲ್ಲಿ ಇಟ್ಟುಕೊಂಡೇ ಹೋದಳು. ಆ ಮನೆಗಳವರು ಪಾಪ ಎಂದು ಬಾಣಂತಿಯ ಲೇಹವನ್ನೋ, ತುಪ್ಪದ ದೋಸೆಯನ್ನೋ ಮಗುವಿನ ಕೈಗೆ ಕೊಡಲು ಬರುತ್ತಿದ್ದರು. "ನಿಮ್ ಮನಸ್ಸ್ ದೊಡ್ದ್. ಇವ್ನ್ ಹೊಟ್ಟಿ ಇನ್ನೂ ಸಣ್ದ್" ಎಂದು ಅವಳು ಆ ಕೈಗಳನ್ನು ಮೆತ್ತಗೆ ತಡೆದಳು. ಎಷ್ಟೋ ಜನ ಬೇಸರ ಮಾಡಿಕೊಂಡರು. ಕೊಬ್ಬು ಬಂದಿದೆ ನಾಗಕ್ಕನಿಗೆ ಎಂದವರೂ ಇದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನಡುವೆ ಒಮ್ಮೆ ಶೀತಜ್ವರ ಬಂದು ಮಗು ಮತ್ತೆ ಕೆಳಗಿಳಿದ. ಭೇದಿ ಬಿಳಿಚಿತು. ಬಟ್ಟೆಯನ್ನು ಕಲ್ಲಿಗೆ ಹಾಕಿ ಉಜ್ಜುತ್ತ ನಾಗುವಿನ ಕೈ ಸೋತಿತು. ಹರಕೆ ಬದಲಾಯಿಸಿದ್ದಕ್ಕೇ ಹೀಗಾಯಿತೇ ಎಂದು ಸುಪ್ರೀತಾ ಕೇಳಿದಳು. ನಾಗು ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿ, "ಡಾಕ್ಟ್ರಮ್ಮ ಬಾ ಅಂದಿರ್ ಅಲ್ದಾ, ಹೋಪ" ಎಂದಳು. ಡಾಕ್ಟರು ಔಷಧಿ ಕೊಟ್ಟು, ದಾರಿ ತಪ್ಪಿಲ್ಲ, ತಿನ್ನಿಸುವುದನ್ನು ಮಾತ್ರ ನಿಲ್ಲಿಸಬೇಡಿ ಎಂದು ಕಳಿಸಿದರು. ಹಿಂದಿನ ಸಲ ಎಲ್ಲರೂ ನಿಲ್ಲಿಸಿದ್ದು ಇಂಥದೇ ದಿನಗಳಲ್ಲಿ. ಈ ಸಲ ನಾಗು ನಿಲ್ಲಿಸಲಿಲ್ಲ. ಅರ್ಧ ಚಮಚವಾದರೂ ಸರಿ, ಕೊಟ್ಟಳು.

ಜ್ವರ ಬಿಟ್ಟು ಕೆಲವು ವಾರಗಳಾಗಿರಬೇಕು. ಒಂದು ಬೆಳಗ್ಗೆ ಬಟ್ಟೆ ತೊಳೆಯುವಾಗ ನೀರಿನಲ್ಲಿ ಏನೂ ತೇಲಲಿಲ್ಲ. ಬಣ್ಣ ಹಳದಿಗೆ ತಿರುಗಿತ್ತು. ಕಲೆ ಸುಲಭವಾಗಿ ಬಿಟ್ಟಿತು. ನಾಗು ಆ ತುಂಡುಬಟ್ಟೆಯನ್ನು ಹಿಡಿದು ಸೀದಾ ಗಂಡನ ಮುಂದೆ ಹೋಗಿ ನಿಂತಳು. "ಕಾಣಿ."

"ಎಂತ ಕಾಂಬುದ್? ಬಟ್ಟಿ."

"ಸಮಾ ಕಾಣಿ. ಕಲೆ ಇತ್ತಾ?"

ಕುಷ್ಟ ಬಟ್ಟೆಯನ್ನು ನೋಡಿದ, ಅವಳ ಮುಖವನ್ನು ನೋಡಿದ. ಬಲೆಯ ಸೂಜಿ ಕೆಳಗಿಟ್ಟು, ಒಳಗೆ ಹೋಗಿ ಮೊಮ್ಮಗನನ್ನು ಎತ್ತಿಕೊಂಡ.

ಆಮೇಲೆಯೂ ಅವಳು ಅವಸರ ಮಾಡಲಿಲ್ಲ. ಡಾಕ್ಟರು ಹೇಳಿದ ಮೇಲೆ ಅನ್ನಕ್ಕೆ ಒಂದು ಹನಿ ತೆಂಗಿನೆಣ್ಣೆ. ಅದು ಹಿಡಿಸಿತೆಂದು ಕಂಡ ಮೇಲೆ ಎರಡು. ಮೊಟ್ಟೆ ಶುರುವಾಯಿತು. ಹೆಸರುಬೇಳೆಯನ್ನು ಮಗು ಉಗುಳದೆ ನುಂಗಿದ. ಒಂದು ಮಧ್ಯಾಹ್ನ ಬಟ್ಟಲು ಖಾಲಿಯಾದದ್ದಕ್ಕೆ ಸಿಟ್ಟು ಬಂದು ಚಮಚವನ್ನು ಅಂಗಳಕ್ಕೆ ಎಸೆದ. ಅವನು ಬಂದಾಗಿನಿಂದ ಯಾವುದಕ್ಕೂ ಸಿಟ್ಟು ಮಾಡಿದವನಲ್ಲ. ನಾಗು ಚಮಚ ಹೆಕ್ಕಿ ತೊಳೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಇನ್ನೊಂದು ತುತ್ತು ಕಲಸಿದಳು. ಅದಾಗಿ ಸ್ವಲ್ಪ ದಿನಕ್ಕೆ ಕಾಲ ಮೇಲೆ ಮಲಗಿಸಿಕೊಂಡಾಗ ಎಲುಬಿಗೆ ನೋವಾಯಿತು. ಅವನು ತೂಗುತ್ತಿದ್ದ. ಮೀಯಿಸಿ ಮುಗಿಸಿದ ಮೇಲೆ ಅವಳ ಮಣೆಯ ಅಂಚು ಹಿಡಿದು ಎದ್ದು ನಿಂತ. ವಂಡ್ಸೆಗೆ ಫೋನು ಮಾಡಿ ತುಪ್ಪ ಕಳಿಸಲು ಹೇಳಿದ್ದು ಆ ದಿನ.

ತುಪ್ಪವನ್ನು ಸುಗುಣಮ್ಮ ಯಾರ ಕೈಯಲ್ಲೂ ಕಳಿಸಲಿಲ್ಲ. ತಾವೇ ಬಂದರು. ಅವರು ಬರುವಾಗ ನಾಗು ಜಗಲಿಯಲ್ಲಿ ಕುಳಿತು ಮಗುವಿಗೆ ಮೀನಿನ ಮುಳ್ಳು ತೆಗೆಯುತ್ತಿದ್ದಳು. ನಿತೇಶ್ ಅಂಗಳದಲ್ಲಿ ಕೋಳಿಯ ಹಿಂದೆ ತಡವರಿಸುತ್ತ ಹೋಗುತ್ತಿದ್ದವನು ಅಜ್ಜಿಯನ್ನು ಕಂಡು ನಿಂತ. ಸುಗುಣಮ್ಮ ಡಬ್ಬಿಯನ್ನು ಕೆಳಗಿಟ್ಟು ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಅವನ ಪಾದವನ್ನು ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗುಳಿ ಬೀಳಲಿಲ್ಲ.

ಊಟಕ್ಕೆ ಕುಳಿತಾಗ ನಾಗು ಸುಗುಣಮ್ಮನಿಗೂ ಕುಷ್ಟನಿಗೂ ಕಾಣೆ ಸಾರು ಬಡಿಸಿ, ತನ್ನ ತಟ್ಟೆಗೆ ತಂಬುಳಿ ಹಾಕಿಕೊಂಡಳು. ಅವಳ ಕೆನ್ನೆ ಇಳಿದಿತ್ತು, ಬಳೆ ಮುಂಗೈಯಲ್ಲಿ ಸಡಿಲವಾಗಿತ್ತು. ಸುಗುಣಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟರು.

"ನಾಗಕ್ಕ, ಸಾಕ್ ಇನ್. ಮಾಣಿ ಎದ್ದ. ನಾ ಸೋಮವಾರ ಮನಿದೇವ್ರಲ್ಲಿಗ್ ಹೋತೆ, ತಪ್ಪ್ ಕಾಣ್ಕಿ ಹಾಕಿ ಕೇಳ್ಕಂತೆ. ಉಳ್ದ ದಿನದ್ದ್ ನಾ ಹೊತ್ಕಂತೆ. ಹರಕಿ ಹೇಳದ್ 'ನಾ' ಅಲ್ದಾ? ನೀವ್ ಇವತ್ತೇ ಒಂದ್ ತುಂಡ್ ಮೀನ್ ತಿನ್ನಿ."

ಕುಷ್ಟ ಉಣ್ಣುವುದನ್ನು ನಿಲ್ಲಿಸಿ ಹೆಂಡತಿಯ ಕಡೆ ನೋಡಿದ. ಸಾರಿನ ಪಾತ್ರೆಯ ಮುಚ್ಚಳ ತೆರೆದೇ ಇತ್ತು.

ನಾಗು ಅಂಗಳದತ್ತ ನೋಡಿದಳು. ಮಗು ನಿಂತಿದ್ದಾನೆ, ಆದರೆ ಓಡುತ್ತಿಲ್ಲ. ಕೂದಲ ಬುಡದಲ್ಲಿ ಹೊಸ ಕಪ್ಪು ಮೂಡಿದೆ, ತುದಿಯಲ್ಲಿ ಇನ್ನೂ ನಾರಿನ ಬಣ್ಣವೇ. ಆ ಬಣ್ಣ ಪೂರ್ತಿ ಇಳಿಯುವುದು ಮುಡಿ ಕೊಡುವ ದಿನವೇ.

"ಬ್ಯಾಡ ಸುಗುಣಕ್ಕ" ಎಂದಳು. "ನೀವ್ ಹೇಳದ್ ದೊಡ್ಡ ಮಾತ್. ನಂಗ್ ಸಂತೋಷ ಆಯ್ತ್. ಆರೆ ಇದ್ ನಾ ಹೊತ್ತದ್. ಅರ್ಧ ದಾರಿಲ್ ಇಳ್ಸಿ ನಿಮ್ ಕೈಗ್ ಕೊಡುದಿಲ್ಲೆ. ನೀವ್ ಉಣ್ಣಿ, ಸಾರ್ ತಣಿತ್."

ಅಷ್ಟು ಹೇಳಿ ಎಡಗೈಯಲ್ಲಿ ಪಾತ್ರೆಯ ಮುಚ್ಚಳ ಮುಚ್ಚಿದಳು. ತಟ್ಟೆಯಲ್ಲಿದ್ದ ತಂಬುಳಿ ಅನ್ನವನ್ನು ಕಲಸಿ ಬಾಯಿಗಿಟ್ಟುಕೊಂಡಳು.